ವಿಷಲ್ ಬಿಟ್ಟು ರಸೀದಿ ಹಿಡಿದ ಕೋಚುಗಳು

ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಇರಲಿ, ಚನ್ನರಾಯಪಟ್ಟಣದ ಬಿ.ಎಂ. ರಸ್ತೆ ಇರಲಿ, ಹೊಳೆನರಸೀಪುರ, ಅರಕಲಗೂಡಿನ ಬಸ್ ಸ್ಟ್ಯಾಂಡಿನ ಮಗ್ಗುಲಿರಲಿ, ಬೆಳಿಗ್ಗೆ ಬಾಗಿಲು ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ನಾಲ್ಕು ಹುಡುಗರು ರಸೀದಿ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. "ಅಣ್ಣಾ, ಹೊನಲು ಬೆಳಕಿನ ಪಂದ್ಯಾವಳಿ. ನಿಮ್ಮದು ಎಷ್ಟು ಬರೀಲಿ?" ಇನ್ನೂ ಬೋಣಿ ಆಗಿಲ್ಲ ಕಣ್ರಪ್ಪಾ ಎಂದರೆ ಕೇಳುವವರು ಯಾರು? ಗಣಪತಿಗೆ ಒಂದು ಪುಸ್ತಕ, ರಾಜ್ಯೋತ್ಸವಕ್ಕೆ ಒಂದು, ಊರಹಬ್ಬಕ್ಕೆ ಒಂದು, ಆಟಕ್ಕೆ ಮತ್ತೊಂದು. ಕೊಡದಿದ್ದರೆ ನಿಷ್ಠುರ. ಕೊಟ್ಟರೆ ಲೆಕ್ಕ ಇಲ್ಲ.

ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ನೋಡಬೇಕಾದರೆ ಪಂದ್ಯದ ರಾತ್ರಿ ಮೈದಾನಕ್ಕೆ ಹೋಗಿ ನಿಲ್ಲಿ. ಶಾಮಿಯಾನ, ಮೈಕ್‌ಸೆಟ್ಟು, ಮುಖಂಡರ ಮುಖ ತುಂಬಿದ ಫ್ಲೆಕ್ಸು, ಅತಿಥಿಗಳಿಗೆ ಹಾರ, ಶಾಲು, ಮೈಸೂರು ಪೇಟ, ಸೊಂಟದೆತ್ತರದ ಟ್ರೋಫಿ. ಆಡುವ ಹುಡುಗ ಮಾತ್ರ ಸ್ನೇಹಿತನಿಂದ ಕಡ ತಂದ ಶೂ ಹಾಕಿಕೊಂಡಿರುತ್ತಾನೆ. ಸೆಲೆಕ್ಷನ್ನಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿ ಬಂದರೆ ಬಸ್ ಚಾರ್ಜು ಯಾರನ್ನು ಕೇಳುವುದು ಎನ್ನುವುದು ಅವನ ಚಿಂತೆ. ಆಟದ ಹೆಸರಿನಲ್ಲಿ ಎತ್ತಿದ ದುಡ್ಡು ಆಟಗಾರನನ್ನು ಬಿಟ್ಟು ಉಳಿದ ಎಲ್ಲರಿಗೂ ತಲುಪುತ್ತದೆ.

ಅಮೆರಿಕದ ಕಾಲೇಜುಗಳು ಈ ರಸೀದಿ ಪುಸ್ತಕ ಹಿಡಿಯುವ ಕೆಲಸಕ್ಕೆ ಯಾರನ್ನು ಕೂರಿಸುತ್ತವೆ ಗೊತ್ತೆ? ನಿವೃತ್ತ ಬ್ಯಾಸ್ಕೆಟ್‌ಬಾಲ್ ಕೋಚನ್ನು!

ಜೇ ರೈಟ್ ಎಂಬಾತ ಫಿಲಡೆಲ್ಫಿಯಾ ಪಕ್ಕದ ವಿಲನೋವಾ ವಿಶ್ವವಿದ್ಯಾಲಯದಲ್ಲಿ 2001ರಿಂದ 2022ರವರೆಗೆ ಕೋಚ್ ಆಗಿದ್ದ. ಬಕ್ನೆಲ್ ಎಂಬ ಕಾಲೇಜಿಗೆ ಆಡಿ, 1983ರಲ್ಲಿ ಓದು ಮುಗಿಸಿ ಹೊರಬಿದ್ದಾಗ ಅವನೇನೂ ದೊಡ್ಡ ಆಟಗಾರನಲ್ಲ. ಒಂದು ಫುಟ್‌ಬಾಲ್ ತಂಡದ ಟಿಕೆಟ್ ಮಾರಾಟದ ವಿಭಾಗದಲ್ಲಿ ಕೆಲಸಕ್ಕೆ ಸೇರಿದ. ಆಮೇಲೆ ಸಹಾಯಕ ಕೋಚ್ ಎಂದು ಊರೂರು ಸುತ್ತಿ, 1994ರಲ್ಲಿ ಹಾಫ್‌ಸ್ಟ್ರಾ ಎನ್ನುವ ಕಡೆ ಮುಖ್ಯ ಕೋಚ್ ಆದ. ಅಲ್ಲಿಂದ ವಿಲನೋವಾಕ್ಕೆ. 2016ರ ಫೈನಲ್ಲಿನಲ್ಲಿ ಅವನ ಹುಡುಗ ಕ್ರಿಸ್ ಜೆಂಕಿನ್ಸ್ ಎಸೆದ ಚೆಂಡು ಗಂಟೆ ಹೊಡೆಯುವ ಹೊತ್ತಿಗೆ ಬುಟ್ಟಿಗೆ ಬಿತ್ತು. ನಾರ್ತ್ ಕೆರೊಲಿನಾ ವಿರುದ್ಧ 77-74. ಎರಡು ವರ್ಷ ಬಿಟ್ಟು 2018ರಲ್ಲಿ ಮತ್ತೊಮ್ಮೆ ರಾಷ್ಟ್ರೀಯ ಚಾಂಪಿಯನ್. ಆ ಒಂದು ಕಾಲೇಜಿನಲ್ಲೇ 520 ಪಂದ್ಯ ಗೆದ್ದ.

ಇಂಥವನು 2022ರ ಏಪ್ರಿಲ್‌ನಲ್ಲಿ, ತಂಡ ಇನ್ನೂ ಕೊನೆಯ ನಾಲ್ಕರಲ್ಲಿ ಆಡಿ ಬಂದ ತಿಂಗಳಲ್ಲೇ, ಸಾಕು ಎಂದುಬಿಟ್ಟ. ವಯಸ್ಸು 60. ನಮ್ಮ ಸರ್ಕಾರಿ ಮೇಷ್ಟ್ರುಗಳು ಪೆನ್ಷನ್ ಫೈಲು ಹಿಡಿದು ಖಜಾನೆಗೆ ಅಲೆಯುವ ವಯಸ್ಸು. ವಿಶ್ವವಿದ್ಯಾಲಯ ಅವನಿಗೆ ಹಾರ ಹಾಕಿ ಮನೆಗೆ ಕಳಿಸಲಿಲ್ಲ. ಅಧ್ಯಕ್ಷರ ವಿಶೇಷ ಸಹಾಯಕ ಎಂದು ಉಳಿಸಿಕೊಂಡಿತು. ಕೆಲಸ ಏನೆಂದರೆ ಸಲಹೆ ಕೊಡುವುದು, ಹುಡುಗರ ಜತೆ ಮಾತಾಡುವುದು, ಮತ್ತು ದೇಣಿಗೆ ಎತ್ತುವುದು. ಮೊದಲ ನೌಕರಿಯಲ್ಲಿ ಟಿಕೆಟ್ ಮಾರಿದವನು ಕೊನೆಗೆ ಕಾಲೇಜಿಗೇ ದುಡ್ಡು ತರುವವನಾದ.

ಅಲ್ಲಿ ದೇಣಿಗೆ ಎಂದರೆ ನಮ್ಮ ನೂರು ಇನ್ನೂರರ ಚೀಟಿಯಲ್ಲ. ಅದೇ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಒಳಾಂಗಣ 6.5 ಕೋಟಿ ಡಾಲರಿನಲ್ಲಿ ನವೀಕರಣವಾಗಿ 2018ರಲ್ಲಿ ತೆರೆಯಿತು. ಅದರಲ್ಲಿ 2.26 ಕೋಟಿ ಡಾಲರನ್ನು ವಿಲಿಯಂ ಫಿನರನ್ ಎಂಬ ಹಳೇ ವಿದ್ಯಾರ್ಥಿ ಒಬ್ಬನೇ ಕೊಟ್ಟ. ಕಟ್ಟಡಕ್ಕೆ ಅವನ ಹೆಸರಿಟ್ಟರು. ಹೆಸರಿಗಾಗಿ ಕೊಟ್ಟನೋ ಪ್ರೀತಿಗಾಗಿ ಕೊಟ್ಟನೋ, ನಮಗೇಕೆ? ಕಟ್ಟಡ ಅಂತೂ ಎದ್ದು ನಿಂತಿದೆ.

ಇನ್ನೊಬ್ಬ ಜಿಮ್ ಬೋಹೈಮ್. ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ 1962ರಲ್ಲಿ ವಿದ್ಯಾರ್ಥಿಯಾಗಿ ಬಂದವನು 1976ರಿಂದ 2023ರವರೆಗೆ, 47 ಹಂಗಾಮು, ಅದೇ ಕಾಲೇಜಿನ ಮುಖ್ಯ ಕೋಚ್ ಆಗಿ ಕೂತುಬಿಟ್ಟ. ನಿವೃತ್ತನಾದ ಮೇಲೆ ಅವನನ್ನೂ ಕ್ರೀಡಾ ವಿಭಾಗದ ವಿಶೇಷ ಸಹಾಯಕ ಎಂದು ಉಳಿಸಿಕೊಂಡರು. ಅವನ ಕೈಕೆಳಗೆ ಕಾರ್ಮೆಲೊ ಆಂಟನಿ ಎಂಬ ಹುಡುಗ ಆಡಿದ್ದು ಒಂದೇ ಒಂದು ವರ್ಷ. 2003ರಲ್ಲಿ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ಟು ವೃತ್ತಿಪರ ಆಟಕ್ಕೆ ಹೊರಟುಹೋದ. ಮುಂದೆ ಅದೇ ಹುಡುಗ ಕಾಲೇಜಿನ ಅಭ್ಯಾಸ ಕೇಂದ್ರಕ್ಕೆ 30 ಲಕ್ಷ ಡಾಲರ್ ಕೊಟ್ಟ. ಒಂದು ವರ್ಷದ ಋಣಕ್ಕೆ! ಕೋಚನ ಆಸ್ತಿ ಎಂದರೆ ಇದೇ. ಬ್ಯಾಂಕಿನಲ್ಲಿರುವುದಲ್ಲ, ಹಳೇ ಹುಡುಗರ ಮನಸ್ಸಿನಲ್ಲಿರುವುದು.

ಇದನ್ನು ಓದಿ ಅಮೆರಿಕದವರೆಲ್ಲ ಹರಿಶ್ಚಂದ್ರರು ಎಂದುಕೊಳ್ಳಬೇಡಿ. ಇದೇ ಬೋಹೈಮ್‌ನ ತಂಡದ ಮೇಲೆ ನಿಯಮ ಉಲ್ಲಂಘನೆಯ ಆರೋಪ ಬಂದು, 2015ರಲ್ಲಿ ಅವನ ನೂರಕ್ಕೂ ಹೆಚ್ಚು ಗೆಲುವುಗಳನ್ನು ದಾಖಲೆಯಿಂದ ಹೊಡೆದುಹಾಕಿ, ಒಂಬತ್ತು ಪಂದ್ಯ ಹೊರಗೆ ಕೂರಿಸಿದರು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಮಾರಿಕೊಂಡು ಹಣ ಮಾಡಬಹುದು ಎಂದಾಯಿತು. 2025ರ ಜೂನಿನಲ್ಲಿ ಕೋರ್ಟಿನ ಒಪ್ಪಂದವಾಗಿ, ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೇ ಹಂಚಬಹುದು ಎಂದೂ ಆಯಿತು. ಈಗ ಅಲ್ಲಿ ದೇಣಿಗೆ ಎತ್ತುವುದೆಂದರೆ ಒಳ್ಳೇ ಆಟಗಾರನನ್ನು ಪಕ್ಕದ ಕಾಲೇಜಿನಿಂದ ಹಾರಿಸಿಕೊಂಡು ಬರಲು ಗಂಟು ಸೇರಿಸುವುದೂ ಹೌದು. ಆ ಜಾತ್ರೆ ನಮಗೆ ಬೇಡ. ನಮಗೆ ಬೇಕಾದದ್ದು ಅದರಲ್ಲಿ ಒಂದೇ: ದುಡ್ಡು ಕೇಳುವ ಬಾಯಿ ಯಾರದು ಎನ್ನುವ ಬುದ್ಧಿ.

ಆ ಬುದ್ಧಿ ಕನ್ನಡನಾಡಿಗೆ ಹೊಸದಲ್ಲ. ಬ್ಯಾಸ್ಕೆಟ್‌ಬಾಲ್ ಅಲ್ಲದಿದ್ದರೂ ಬ್ಯಾಡ್ಮಿಂಟನ್‌ನಲ್ಲಿ ಪ್ರಕಾಶ್ ಪಡುಕೋಣೆ ಇದನ್ನೇ ಮಾಡಿ ತೋರಿಸಿದರು. 1971ರಿಂದ 79ರವರೆಗೆ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಆ ಸುದ್ದಿ ಬಂದಾಗ ಬೆಂಗಳೂರು ಕುಣಿದದ್ದನ್ನು ಹಿರಿಯ ಓದುಗರು ಮರೆತಿರಲಿಕ್ಕಿಲ್ಲ. ಇಂಥ ಆಟಗಾರ ಕಲಿತದ್ದು ಯಾವ ಕೋರ್ಟಿನಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇಲ್ಲದ ದಿನ ಆಟ. ಲಗ್ನಸರಾಯಿ ಬಂತೆಂದರೆ ರಾಕೆಟ್ಟು ಮೊಳೆಗೆ.

ಆಟ ಬಿಟ್ಟ ಮೇಲೆ ಅವರು 1993ರಿಂದ 96ರವರೆಗೆ ರಾಷ್ಟ್ರೀಯ ತಂಡದ ಕೋಚ್ ಆಗಿದ್ದರು. ನಡುವೆ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜತೆ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅದಕ್ಕೆ ದುಡ್ಡು? ಬಿಪಿಎಲ್ ಕಂಪನಿ ಪ್ರಾಯೋಜಕನಾಗಿ ನಿಂತಿತು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ. ಅದೇ ವರ್ಷ ಬಿಲಿಯರ್ಡ್ಸ್‌ನ ಗೀತ್ ಸೇಥಿ ಮತ್ತು ಪ್ರಕಾಶ್ ಸೇರಿ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಎನ್ನುವ ಲಾಭರಹಿತ ಸಂಸ್ಥೆ ಕಟ್ಟಿದರು. ಅದರ ಕೆಲಸ ಒಂದೇ: ಕಂಪನಿಗಳಿಂದ, ಶ್ರೀಮಂತರಿಂದ, ಸಾಮಾನ್ಯರಿಂದ ಹಣ ಎತ್ತಿ ಪದಕ ತರಬಲ್ಲ ಆಟಗಾರನಿಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಒದಗಿಸುವುದು. ಕೋಚು, ಫಿಸಿಯೋ, ಊಟ, ಗುಂಡು, ವಿದೇಶಕ್ಕೆ ಟಿಕೆಟ್. ಗುಂಡು ಎಂದರೆ ಬಂದೂಕಿನದು, ತಪ್ಪು ತಿಳಿಯಬೇಡಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ನಾಲ್ಕು ಈ ಸಂಸ್ಥೆ ಬೆನ್ನಿಗೆ ನಿಂತವರದು: ಸೈನಾ, ಮೇರಿ ಕೋಮ್, ಗಗನ್ ನಾರಂಗ್, ವಿಜಯ್ ಕುಮಾರ್.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಪ್ರಕಾಶ್ ದುಡ್ಡು ಕೇಳಿದಾಗ ಕಂಪನಿಯವರು ಕೊಟ್ಟದ್ದು ಏಕೆ? ಆತ ಗೆದ್ದವರು ಎನ್ನುವುದಕ್ಕೆ ಮಾತ್ರವಲ್ಲ. ಹುಡುಗನಿಗೆ ಯಾವಾಗ ಏನು ಬೇಕು ಎಂಬುದು ಆತನಿಗೆ ಗೊತ್ತು, ಏನು ಬೇಡ ಎಂಬುದೂ ಗೊತ್ತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪಂದ್ಯ ಸೋತ ದಿನ, ಸರ್ಕಾರ, ಫೆಡರೇಷನ್ ಎಲ್ಲವನ್ನೂ ಕೊಟ್ಟಾಯಿತು, ಇನ್ನು ಆಟಗಾರರೂ ಹೊಣೆ ಹೊರಬೇಕು ಎಂದು ಬಹಿರಂಗವಾಗಿಯೇ ಹೇಳಿದವರು ಇದೇ ಪ್ರಕಾಶ್. ಕೆಲವರಿಗೆ ಕೋಪ ಬಂತು. ಆದರೆ ದುಡ್ಡು ಎತ್ತುವವನು ಹೀಗೆ ಮುಲಾಜಿಲ್ಲದೆ ಮಾತಾಡಿದರೆ ಕೊಟ್ಟವನಿಗೆ ಧೈರ್ಯ.

ಇಷ್ಟಕ್ಕೂ ನಮ್ಮ ಆಟಗಾರರು ಚಂದಾ ದುಡ್ಡಿನಲ್ಲಿ ಹಡಗು ಹತ್ತಿದ್ದು ನೂರು ವರ್ಷಕ್ಕೂ ಹಿಂದೆ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ತಂಡಕ್ಕೆ ದೊರಾಬ್ಜಿ ಟಾಟಾ ಸ್ವಂತ ಜೇಬಿನಿಂದಲೂ ಹಾಕಿದ್ದರು. ಆ ತಂಡದಲ್ಲಿ ಮ್ಯಾರಥಾನ್ ಓಡಿದವನು ನಮ್ಮ ಬೆಳಗಾವಿ ಕಡೆಯ ಫಡೆಪ್ಪ ಚೌಗುಲೆ. ಹತ್ತೊಂಬತ್ತನೆಯವನಾಗಿ ಓಟ ಮುಗಿಸಿದ.

ಅರಕಲಗೂಡಿನ ಹುಡುಗ

ಇನ್ನು ನಮ್ಮ ಮನೆ ಬಾಗಿಲಿಗೇ ಬರೋಣ. ರಾಮನಾಥಪುರದ ತಂಬಾಕು ಹರಾಜು, ಆಲೂಗಡ್ಡೆ ರೇಟು ಬಿಟ್ಟರೆ ಬೇರೆ ಸುದ್ದಿಯೇ ಹೊರಡದ ಅರಕಲಗೂಡು ತಾಲ್ಲೂಕಿನಿಂದ 2012ರಲ್ಲಿ ಜಗತ್ತಿಗೆ ಒಂದು ಸುದ್ದಿ ಹೋಯಿತು. ಹೊಸನಗರ ಎನ್ನುವ ಹಳ್ಳಿಯ ರೈತನ ಮಗ ಎಚ್.ಎನ್. ಗಿರೀಶ್, ಹುಟ್ಟಿನಿಂದ ಎಡಗಾಲಿನ ಊನ ಇದ್ದವರು, ಲಂಡನ್ ಪ್ಯಾರಾಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ. ಚಿನ್ನ ಗೆದ್ದ ಫಿಜಿ ದೇಶದ ಡೆಲಾನಾ ಹಾರಿದ್ದೂ 1.74 ಮೀಟರ್, ಗಿರೀಶ್ ಹಾರಿದ್ದೂ 1.74, ಕಂಚು ಪಡೆದ ಪೋಲೆಂಡಿನವನು ಹಾರಿದ್ದೂ 1.74. ತಪ್ಪು ಜಿಗಿತಗಳ ಲೆಕ್ಕದಲ್ಲಿ ಚಿನ್ನ, ಬೆಳ್ಳಿ, ಕಂಚು ಬೇರೆಯಾದವು.

ಪದಕ ಬಂದ ಮೇಲೆ ಸನ್ಮಾನಕ್ಕೆ, ಶಾಲಿಗೆ ಬರ ಇರಲಿಲ್ಲ. 2013ರಲ್ಲಿ ಪದ್ಮಶ್ರೀ ಬಂತು, 2014ರಲ್ಲಿ ಅರ್ಜುನ ಬಂತು. ಸಂತೋಷವೇ. ಆದರೆ ಪದಕಕ್ಕೆ ಮುಂಚೆ? ಬೆಂಗಳೂರಿನ ಸಮರ್ಥನಂ ಟ್ರಸ್ಟು ಬೆಂಬಲಕ್ಕೆ ನಿಂತಿತ್ತು. ಬೆಂಗಳೂರಿನದು, ಹಾಸನದ್ದಲ್ಲ! ಇಲ್ಲಿಂದ ಅಲ್ಲಿಗೆ ಹೋಗಿ ಸೇರಿಕೊಳ್ಳಲಾಗದ ಹುಡುಗರ ಗತಿ ಏನಾಯಿತು, ಯಾವ ಶುಂಠಿ ಹೊಲದಲ್ಲಿ ಯಾವ ಜಿಗಿತಗಾರ ಕೂಲಿ ಮಾಡುತ್ತಿದ್ದಾನೆ, ಯಾರಿಗೆ ಗೊತ್ತು? ಹಾಸನದಲ್ಲೇ ಹುಟ್ಟಿದ ಎಲ್.ವೈ. ಸುಹಾಸ್ ಪ್ಯಾರಾ ಬ್ಯಾಡ್ಮಿಂಟನ್ನಿನಲ್ಲಿ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ತಂದರು. ಅವರು ಉತ್ತರ ಪ್ರದೇಶದ ಐಎಎಸ್ ಅಧಿಕಾರಿ, ಸಂಬಳ ಇದೆ. ಜಾವಗಲ್ ಶ್ರೀನಾಥ್ ಆಡಿದ್ದು ಕ್ರಿಕೆಟ್, ಅದಕ್ಕೆ ಯಾರೂ ಚೀಟಿ ಹರಿಯಬೇಕಾಗಿಲ್ಲ. ನಾವು ಮಾತಾಡುತ್ತಿರುವುದು ಸಂಬಳವೂ ಇಲ್ಲದ, ಕ್ರಿಕೆಟ್ಟೂ ಆಡದ ಮಕ್ಕಳ ಬಗ್ಗೆ.

ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲೆ, ವಿಭಾಗ, ರಾಜ್ಯ. ಶಾಲೆಯ ಮಕ್ಕಳು ಹತ್ತಬೇಕಾದ ಮೆಟ್ಟಿಲು ಇಷ್ಟು. ಒಂದೊಂದು ಮೆಟ್ಟಿಲಿಗೂ ಬಸ್ಸು, ಊಟ, ಒಂದು ಜತೆ ಶೂ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಆಟದ ಇಲಾಖೆ ಎಂದೂ ಮಾಡದ ಉಪಕಾರವನ್ನು ಸಾರಿಗೆ ಇಲಾಖೆ ಮಾಡಿತು ಎನ್ನಬೇಕು. ಹುಡುಗರಿಗೆ ಆ ಭಾಗ್ಯ ಇಲ್ಲ. ಹನ್ನೆರಡು ಜನರ ಬ್ಯಾಸ್ಕೆಟ್‌ಬಾಲ್ ತಂಡ ಹೊರಡಬೇಕೆಂದರೆ ಹೋಗಿಬರುವ ಇಪ್ಪತ್ನಾಲ್ಕು ಟಿಕೆಟ್ಟು, ಕೋಚಿನದು ಬೇರೆ. ಎಷ್ಟೋ ಕಡೆ ಇದನ್ನು ಕೊಡುತ್ತಿರುವವರು ಪಿ.ಇ. ಮೇಷ್ಟ್ರು, ತಮ್ಮ ಸಂಬಳದಿಂದ. ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮೇಷ್ಟ್ರ ಜೋಳಿಗೆ

ಈ ಮೇಷ್ಟ್ರುಗಳದೇ ಒಂದು ಪರಂಪರೆ. 1891ರಲ್ಲಿ ಅಮೆರಿಕದ ವೈಎಂಸಿಎ ಶಾಲೆಯೊಂದರಲ್ಲಿ ನೈಸ್ಮಿತ್ ಎಂಬ ಮೇಷ್ಟ್ರು ಹಣ್ಣಿನ ಬುಟ್ಟಿ ಕಟ್ಟಿ ಶುರುಮಾಡಿದ ಆಟ ಬ್ಯಾಸ್ಕೆಟ್‌ಬಾಲ್. 1920ರಲ್ಲಿ ಅದೇ ವೈಎಂಸಿಎಯ ಹ್ಯಾರಿ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದ. ಹಿಂದಿನ ತಲೆಮಾರಿನ ಡ್ರಿಲ್ ಮೇಷ್ಟ್ರುಗಳಲ್ಲಿ ಕೆಲವರು ಅಲ್ಲಿಗೆ ಹೋಗಿ ಕಲಿತು ಬಂದವರು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ನಮ್ಮ ನಾಲ್ಕೂ ತಾಲ್ಲೂಕಿನ ಕಾಲೇಜುಗಳಲ್ಲಿ ಬೆಳಿಗ್ಗೆ ಆರಕ್ಕೇ ವಿಷಲ್ ಊದಿ ಹುಡುಗರನ್ನು ಓಡಿಸಿದರು. ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಸುಣ್ಣದ ಗೆರೆ ಎಳೆದವರೂ ಅವರೇ, ಹರಿದ ಬಲೆ ಹೊಲಿದವರೂ ಅವರೇ. ಅರವತ್ತಾಯಿತು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಮನೆಗೆ ನಡೆ. ನೈಸ್ಮಿತ್‌ನ ಬುಟ್ಟಿಯಲ್ಲಿ ಆಟ ಹುಟ್ಟಿತು. ನಮ್ಮವರ ಬುಟ್ಟಿಯಲ್ಲಿ ಎರಡು ಮೂಸಂಬಿ.

ಇಂಥ ಮೇಷ್ಟ್ರ ಹಳೇ ಶಿಷ್ಯರು ಎಲ್ಲಿಲ್ಲ ಹೇಳಿ. ಪೊಲೀಸಿನಲ್ಲಿದ್ದಾರೆ, ಕೆಎಸ್ಸಾರ್ಟಿಸಿಯಲ್ಲಿದ್ದಾರೆ, ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ, ದುಬೈನಲ್ಲಿದ್ದಾರೆ. ಬ್ಯಾಚಿಗೊಂದು ವಾಟ್ಸಾಪ್ ಗುಂಪು ಇದೆ. ವರ್ಷಕ್ಕೊಮ್ಮೆ ಗುರುವಂದನೆ ಅಂತ ಕಲ್ಯಾಣ ಮಂಟಪ ಹಿಡಿದು, ಊಟ ಹಾಕಿ, ಮೇಷ್ಟ್ರಿಗೆ ಮತ್ತೊಂದು ಶಾಲು ಹೊದಿಸುತ್ತಾರೆ. ಮೇಷ್ಟ್ರ ಬೀರುವಿನಲ್ಲಿ ಶಾಲು ಇಡಲು ಜಾಗವಿಲ್ಲ! ಆ ದಿನವೇ ಮೇಷ್ಟ್ರು ಎದ್ದು ನಿಂತು, "ಶಾಲು ಸಾಕು ಕಣ್ರೋ, ಈ ವರ್ಷ ಆರು ಮಕ್ಕಳಿಗೆ ಸ್ಪೈಕ್ಸ್ ಬೇಕು" ಎಂದರೆ ಇಲ್ಲ ಎನ್ನುವ ಶಿಷ್ಯ ಇದ್ದಾನೆಯೆ? ಬೋಹೈಮ್‌ಗೆ ಒಬ್ಬ ಆಂಟನಿ ಇದ್ದ ಹಾಗೆ ನಮ್ಮ ಮೇಷ್ಟ್ರಿಗೂ ಸಣ್ಣಪುಟ್ಟ ಆಂಟನಿಗಳು ಇದ್ದಾರೆ.

ತೊಂದರೆ ಎರಡು. ಮೊದಲನೆಯದು ಸಂಕೋಚ. ಜೀವಮಾನವೆಲ್ಲ ಹುಡುಗರಿಗೆ ತಲೆ ಎತ್ತಿ ನಡಿ ಎಂದವರು ಈಗ ಕೈ ಚಾಚಬೇಕೆ ಎನ್ನುತ್ತಾರೆ. ಸಂಕೋಚ ಇರುವವನೇ ಈ ಕೆಲಸಕ್ಕೆ ಲಾಯಕ್ಕು ಎಂಬುದು ನಮ್ಮ ಅಭಿಪ್ರಾಯ. ನಾಚಿಕೆ ಇಲ್ಲದೆ ಎತ್ತುವವರನ್ನು ನೋಡಿ ನೋಡಿ ಅಂಗಡಿಯವರಿಗೆ ಸಾಕಾಗಿದೆ. ಎರಡನೆಯದು ನಮ್ಮ ಜಿಲ್ಲೆಯ ರೋಗ. ಇಲ್ಲಿ ಯಾರಾದರೂ ನಾಲ್ಕು ಕಾಸು ಸೇರಿಸಿದರೆ ಮೊದಲ ಪ್ರಶ್ನೆ, "ಯಾರ ಕಡೆಯವರು? ತೆನೆಯೋ, ಕೈಯೋ, ಕಮಲವೋ?" ಉದ್ಘಾಟನೆಗೆ ಒಬ್ಬರನ್ನು ಕರೆದರೆ ಇನ್ನೊಬ್ಬರಿಗೆ ಸಿಟ್ಟು. ಉದ್ಘಾಟನೆಯನ್ನೇ ಇಟ್ಟುಕೊಳ್ಳದಿದ್ದರೆ ಆಯಿತಲ್ಲ? ಒಂದು ಜತೆ ಶೂಗೆ ದೀಪ ಬೆಳಗಿಸಬೇಕಾಗಿಲ್ಲ.

ದುಡ್ಡಿನ ಲೆಕ್ಕ ನೋಡಿ. ನೂರು ಅಂಗಡಿಯವರು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ, ವರ್ಷಕ್ಕೆ 1,20,000. ಅಮೆರಿಕದ ಕೋಟಿ ಡಾಲರಿನ ಮುಂದೆ ಇದು ಕಡ್ಲೆಪುರಿ. ಆದರೆ ತಿಂಗಳು ತಪ್ಪದೆ ಬರುವ ಹತ್ತು ಸಾವಿರ ಎಂದರೆ ಹತ್ತಾರು ಮಕ್ಕಳ ಬಸ್ಸು, ಮೊಟ್ಟೆ, ಹಾಲು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ 80ಜಿ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ಆ ವಿನಾಯಿತಿಯೇ ಇಲ್ಲ. ಹಾಗಾಗಿ ತೆರಿಗೆ ಉಳಿಸುವ ಆಸೆಗೆ ಕೊಡುವುದು ಬೇಡ. ಕೊಡುವುದಾದರೆ ಖಾತೆಗೇ ಹಾಕಿ, ಅಂಗಡಿಯ ಕ್ಯೂಆರ್ ಚೀಟಿಯಿಂದ ಗಿರಾಕಿಗಳು ಹಾಕುವ ಹಾಗೆ.

ದೊಡ್ಡ ದುಡ್ಡಿನ ದಾರಿಯೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್, ಪ್ಯಾರಾಲಿಂಪಿಕ್ ತರಬೇತಿ ಹೆಸರು ಹಿಡಿದು ಬರೆದಿದೆ. ಕಾರ್ಖಾನೆ ಇರುವ ಊರಿಗೆ ಮೊದಲ ಆದ್ಯತೆ ಎಂದೂ ಇದೆ. ಹಾಸನದ ಕೈಗಾರಿಕಾ ಪ್ರದೇಶದ ಗೇಟಿನ ಮುಂದೆ ದಿನಾ ಬಸ್ಸಿನಲ್ಲಿ ಹಾದು ಹೋಗುವವರು ಇದನ್ನು ನೆನಪಿಡಿ. ಆದರೆ ಕಂಪನಿ ಯಾರ ಕೈಗೆ ಕೊಡಬೇಕು? ಹೊರಗಿನವರ ಮೂಲಕ ಖರ್ಚು ಮಾಡುವುದಾದರೆ ಆ ಸಂಸ್ಥೆ ರಿಜಿಸ್ಟರ್ ಆಗಿರಬೇಕು, ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು, ಆಡಿಟ್ ಆಗಿರಬೇಕು. ಅಂದರೆ ಇವತ್ತು ಶುರುಮಾಡಿದರೆ ಮೂರು ವರ್ಷ ನಮ್ಮ ನೂರು ರೂಪಾಯಿಯಲ್ಲೇ ಓಡಬೇಕು. ದಿಢೀರ್ ಅಂತ ಕೋಟಿ ತಂದುಕೊಡುತ್ತೇನೆ ಎನ್ನುವವನು ಬಂದರೆ ಬಾಗಿಲು ಹಾಕಿಕೊಳ್ಳಿ.

ನೋಂದಾಯಿತ ಸಂಘವೆಂದರೆ ವರ್ಷ ವರ್ಷ ಲೆಕ್ಕಪತ್ರವನ್ನು ಸಂಘಗಳ ರಿಜಿಸ್ಟ್ರಾರ್‌ಗೆ ಒಪ್ಪಿಸಬೇಕು ಎಂದು ಕಾನೂನಿದೆ. ಅದರ ಒಂದು ಪ್ರತಿಯನ್ನು ಕಾಲೇಜಿನ ಗೇಟಿಗೂ ಬಸ್ ಸ್ಟ್ಯಾಂಡಿನ ಗೋಡೆಗೂ ಅಂಟಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಮೇಷ್ಟ್ರು ಪ್ರಾಮಾಣಿಕರು ಎಂಬುದು ಊರಿಗೇ ಗೊತ್ತು. ಆದರೂ ಲೆಕ್ಕ ಗೋಡೆಯ ಮೇಲಿರಲಿ, ಅವರ ಪಕ್ಕದಲ್ಲಿ ಒಬ್ಬ ಅಂಗಡಿಯವರು, ಒಬ್ಬ ಹಳೇ ಆಟಗಾರ್ತಿ ಸಹಿಗೆ ಇರಲಿ.

ಅಲ್ಲಿಯವರೆಗೆ, ನಾಳೆ ಬೆಳಿಗ್ಗೆ ಮೆಟ್ಟಿಲ ಮೇಲೆ ರಸೀದಿ ಪುಸ್ತಕ ಬಂದು ನಿಂತಾಗ ಬೈದು ಕಳಿಸಬೇಡಿ. ಕೂರಿಸಿ, ಒಂದು ಟೀ ಕೊಡಿಸಿ ಕೇಳಿ: "ಶಾಮಿಯಾನಕ್ಕೆ ಎಷ್ಟಪ್ಪಾ? ಶೂಗೆ ಎಷ್ಟು?" ಉತ್ತರ ಬಂದರೆ ನಮಗೂ ತಿಳಿಸಿ. ಇದೇ ಜಾಗದಲ್ಲಿ ಅಚ್ಚು ಹಾಕೋಣ.